ಬಿಗಿ ಮತ್ತು ಸಡಿಲ: ದಾರ, ದಬ್ಬೆ, ಕಾಗದ

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಚಳಿಗಾಲ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಧನುರ್ಮಾಸದ ಪೂಜೆಗೆ ಹೊರಡುವ ಹೊತ್ತಿಗೆ ಅಂಗಳದಲ್ಲಿ ಇಬ್ಬನಿ ಬಿದ್ದಿರುತ್ತದೆ, ಊಟದ ಹೊತ್ತಿಗೆ ಅದೇ ಅಂಗಳದಲ್ಲಿ ಹಪ್ಪಳ ಒಣಗುತ್ತದೆ. ಹೊರಗೆ ತೂಗಿದ ಕಾಗದದ ನಕ್ಷತ್ರ ದಿನಕ್ಕೊಮ್ಮೆ ನೆನೆದು ದಿನಕ್ಕೊಮ್ಮೆ ಒಣಗುತ್ತದೆ. ಅಂಗಡಿಯಿಂದ ತಂದ ನಕ್ಷತ್ರ ವಾರದಲ್ಲೇ ಸೊಟ್ಟಗಾಗುವುದು ಇದರಿಂದಲೇ.

ಇವತ್ತು ಮೂರು ವಸ್ತು ಎತ್ತಿಕೊಳ್ಳುತ್ತೇನೆ. ಕ್ರಿಸ್‌ಮಸ್ ಮರಕ್ಕೋ ಕಿಟಕಿಗೋ ತೂಗುಹಾಕುವ ಕ್ರೋಶಾ (ಕೊಕ್ಕೆ ಕಡ್ಡಿಯಿಂದ ದಾರ ಹೆಣೆಯುವ ಕೆಲಸ) ಹಿಮದ ಹೂವು, ಬಿದಿರು ದಬ್ಬೆಯ ನಕ್ಷತ್ರ, ಸಂಕ್ರಾಂತಿಗೆ ಎಳ್ಳು ಬೀರಲು ಕಾಗದದ ಡಬ್ಬಿ. ನೋಡುವುದಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಮೂರೂ ಕೆಡುವುದು ಒಂದೇ ಕಡೆ. ಎಷ್ಟು ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು ಅನ್ನುವ ಲೆಕ್ಕದಲ್ಲಿ.

ಮೊದಲು ಕ್ರೋಶಾ. ಹೊಸದಾಗಿ ಕಲಿಯುವವರು ದುಂಡಗೆ ಹೆಣೆಯಲು ಹೊರಟರೆ ಎರಡರಲ್ಲೊಂದು ಆಗುತ್ತದೆ. ತಟ್ಟೆ ಆಗಬೇಕಾದ್ದು ಬಟ್ಟಲಾಗುತ್ತದೆ, ಇಲ್ಲವೇ ಅಂಚು ನೆರಿಗೆ ಬಿದ್ದು ಲಂಗದ ಹಾಗೆ ಅಲೆಯುತ್ತದೆ. ‘ಕೈ ಪಳಗಿಲ್ಲ’ ಎಂದು ಸಮಾಧಾನ ಹೇಳುವವರೇ ಹೆಚ್ಚು. ಕೈಯದಲ್ಲ ತಪ್ಪು, ಎಣಿಕೆಯದು. ವೃತ್ತ ಎಷ್ಟು ಅಗಲವಾದರೂ ಸರಿ, ಒಂದು ಸುತ್ತು ಹೆಣೆದಾಗ ಅದರ ಸುತ್ತಳತೆ ಆ ಸಾಲಿನ ಎತ್ತರದ 6.28 ಪಟ್ಟು ಹೆಚ್ಚಬೇಕು. ಸಿಂಗಲ್ ಹೆಣಿಗೆಯ ಎತ್ತರ ಅದರ ಅಗಲದಷ್ಟೇ ಇರುತ್ತದೆ, ಆದ್ದರಿಂದ ಸುತ್ತಿಗೆ 6 ಹೆಚ್ಚಿಸಿದರೆ ಸಾಕು. ಡಬಲ್ ಅದರ ಸುಮಾರು ಎರಡರಷ್ಟು ಎತ್ತರ, ಅದಕ್ಕೇ ಸುತ್ತಿಗೆ 12. ಇದಕ್ಕಿಂತ ಕಡಿಮೆಯಾದರೆ ಬಟ್ಟಲು, ಹೆಚ್ಚಾದರೆ ನೆರಿಗೆ.

ಒಂದು ಎಚ್ಚರಿಕೆ. ಅಮೆರಿಕದ ಪುಸ್ತಕದಲ್ಲಿ ಸಿಂಗಲ್ ಎನ್ನುವುದನ್ನೇ ಬ್ರಿಟನ್ನಿನ ಪುಸ್ತಕದಲ್ಲಿ ಡಬಲ್ ಎನ್ನುತ್ತಾರೆ. ನಮ್ಮಲ್ಲಿ ಎರಡೂ ಬಗೆಯ ಪುಸ್ತಕಗಳು ಓಡಾಡುತ್ತವೆ. ಅಜ್ಜಿಯ ಕಾಲದ ಪುಸ್ತಕ ನೋಡಿ ಒಂದು ಸುತ್ತು, ಮೊಬೈಲ್ ನೋಡಿ ಇನ್ನೊಂದು ಸುತ್ತು ಹಾಕಿದರೆ ಏನೂ ಕೂಡಿ ಬರುವುದಿಲ್ಲ. ನಾನು ಸಿಂಗಲ್ ಅಂದರೆ ಕಡ್ಡಿಯನ್ನು ನೇರ ತೂರಿಸಿ ದಾರ ಎಳೆದು, ಕಡ್ಡಿಯ ಮೇಲಿನ ಎರಡು ಕುಣಿಕೆಗಳನ್ನು ಒಟ್ಟಿಗೆ ಬಿಡಿಸುವುದು. ಡಬಲ್ ಅಂದರೆ ಮೊದಲು ಕಡ್ಡಿಗೆ ಒಂದು ಸುತ್ತು ದಾರ ಹಾಕಿಕೊಂಡು, ಆಮೇಲೆ ತೂರಿಸಿ, ಎರಡೆರಡಾಗಿ ಬಿಡಿಸುವುದು.

ಹಿಮದ ಹೂವಿಗೆ ಆರೇ ದಳ. ನೀರು ಹೆಪ್ಪುಗಟ್ಟುವಾಗ ಅದರ ಕಣಗಳು ಷಟ್ಕೋನದಲ್ಲಿ ಜೋಡಿಸಿಕೊಳ್ಳುವುದರಿಂದ ಎಂಟು ದಳದ ಹಿಮದ ಹೂವು ಎಂಬುದಿಲ್ಲ. ಮಕ್ಕಳು ಕಾಗದ ಕತ್ತರಿಸಿ ಮಾಡುವ ಹೂವಿನಲ್ಲಿ ಎಂಟು ಬರುವುದು ಮಡಿಕೆ ಸುಲಭ ಅಂತ. ಆರು ಬೇಕಿದ್ದರೆ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ, ಉದ್ದ ಅಂಚಿನ ಮಧ್ಯಬಿಂದುವಿನಲ್ಲಿ ಕೋನಮಾಪಕ ಇಟ್ಟು 60 ಡಿಗ್ರಿಯ ಮೂರು ಪಾಲು ಮಾಡಿ, ಒಂದರ ಮೇಲೊಂದು ಮಡಿಸಬೇಕು.

ಈಗ ದಾರದ್ದು. ಚೈನ್ ಅಂದರೆ ಕುಣಿಕೆಯೊಳಗಿಂದ ಕುಣಿಕೆ ಎಳೆದ ಸರಪಳಿ. ಸ್ಲಿಪ್ ಸ್ಟಿಚ್ ಅಂದರೆ ಕಡ್ಡಿ ತೂರಿಸಿ ಎಳೆದ ದಾರವನ್ನು ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಮ್ಮೆಗೇ ಎಳೆದು ಕೂಡಿಸುವುದು. 6 ಚೈನ್ ಹಾಕಿ ಸ್ಲಿಪ್ ಸ್ಟಿಚ್‌ನಿಂದ ಉಂಗುರ ಮಾಡಿ. ಮೊದಲ ಸುತ್ತು: 3 ಚೈನ್, ಇದನ್ನು ಒಂದು ಡಬಲ್ ಎಂದು ಲೆಕ್ಕ ಹಿಡಿಯಿರಿ. ಉಂಗುರದೊಳಗೆ ಇನ್ನೊಂದು ಡಬಲ್. ಆಮೇಲೆ 2 ಚೈನ್, 2 ಡಬಲ್, ಹೀಗೆ ಐದು ಸಲ, ಕೊನೆಗೆ 2 ಚೈನ್ ಹಾಕಿ ಮೊದಲ ಚೈನ್‌ಗಳ ನೆತ್ತಿಗೆ ಕೂಡಿಸಿ. ಎಣಿಸಿದರೆ 12 ಡಬಲ್, 6 ಕಿಂಡಿ ಇರಬೇಕು. ಇಲ್ಲಿ ಐದು ಕಿಂಡಿ ಬಂದಿದ್ದರೆ ಮುಂದೆ ಹೋಗಬೇಡಿ, ಬಿಚ್ಚಿ. ಕೊನೆಯಲ್ಲಿ ಸರಿಹೋಗುತ್ತದೆ ಎಂದುಕೊಂಡರೆ ಕೊನೆಯಲ್ಲಿ ಐದು ದಳದ ದಾಸವಾಳ ಸಿಗುತ್ತದೆ.

ಎರಡನೇ ಸುತ್ತು: ಸ್ಲಿಪ್ ಸ್ಟಿಚ್‌ನಲ್ಲಿ ಪಕ್ಕದ ಕಿಂಡಿಗೆ ಜಾರಿ. ಪ್ರತಿ ಕಿಂಡಿಯಲ್ಲೂ 2 ಡಬಲ್, 3 ಚೈನ್, 2 ಡಬಲ್. ಒಂದು ಕಿಂಡಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ 1 ಚೈನ್. ಈ ಸುತ್ತಿನ ಮೊದಲ ಡಬಲ್‌ಗೂ 3 ಚೈನ್ ಬದಲಿ. ಒಟ್ಟು 24 ಡಬಲ್. 12ರಿಂದ 24, ಅಂದರೆ ಆಗ ಹೇಳಿದ ಹನ್ನೆರಡರ ಲೆಕ್ಕವೇ.

ಮೂರನೇ ಸುತ್ತು ತುದಿಯ ಮೊಗ್ಗಿನದು. ಮೂಲೆಯ 3 ಚೈನ್ ಕಿಂಡಿಗೆ ಬಂದು 1 ಸಿಂಗಲ್ ಹಾಕಿ. 4 ಚೈನ್, ಅದೇ ಸಿಂಗಲ್‌ನ ನೆತ್ತಿಗೆ ಸ್ಲಿಪ್ ಸ್ಟಿಚ್. 6 ಚೈನ್, ಅಲ್ಲಿಗೇ ಸ್ಲಿಪ್ ಸ್ಟಿಚ್. ಮತ್ತೆ 4 ಚೈನ್, ಅಲ್ಲಿಗೇ. ಆಮೇಲೆ ಅದೇ ಕಿಂಡಿಗೆ ಇನ್ನೊಂದು ಸಿಂಗಲ್. 2 ಚೈನ್, ನಡುವಿನ 1 ಚೈನ್ ಕಿಂಡಿಗೆ ಒಂದು ಸಿಂಗಲ್, 2 ಚೈನ್, ಮುಂದಿನ ಮೂಲೆ. ಆರೂ ಮೂಲೆ ಮುಗಿದ ಮೇಲೆ ಕೂಡಿಸಿ, ದಾರವನ್ನು ಹತ್ತು ಸೆಂಮೀ ಬಿಟ್ಟು ಕತ್ತರಿಸಿ, ಸೂಜಿಯಿಂದ ಹಿಂದುಗಡೆ ಎರಡು ದಿಕ್ಕಿಗೆ ಸೇರಿಸಿಬಿಡಿ. ಒಂದೇ ದಿಕ್ಕಿಗೆ ಸೇರಿಸಿದರೆ ಗಂಜಿ ಹಾಕುವಾಗ ಜಾರಿ ಹೊರಗೆ ಬರುತ್ತದೆ.

ದಾರ ಹತ್ತಿಯದೇ ಆಗಲಿ. 20ನೇ ನಂಬರಿನ ಹತ್ತಿ ದಾರಕ್ಕೆ 1.25 ಮಿಮೀ ಉಕ್ಕಿನ ಕಡ್ಡಿ ಸರಿಹೋಗುತ್ತದೆ. ಅಕ್ರಿಲಿಕ್ ಉಲ್ಲನ್ ಅಗ್ಗ, ಬಣ್ಣ ಬೇಕಾದಷ್ಟು, ನಿಜ. ಆದರೆ ಅದು ಗಂಜಿ ಹೀರುವುದಿಲ್ಲ, ಇಸ್ತ್ರಿ ಪೆಟ್ಟಿಗೆ ತಾಗಿದರೆ ಕರಗಿ ಹೊಳಪು ಕಲೆ ಬೀಳುತ್ತದೆ. ಅದನ್ನು ಟೋಪಿಗೆ, ಮಫ್ಲರಿಗೆ ಇಟ್ಟುಕೊಳ್ಳಿ.

ಹೆಣೆದು ಮುಗಿದಾಗ ಹೂವು ಮುದುಡಿದ ಕರವಸ್ತ್ರದ ಹಾಗೆ ಕಾಣುತ್ತದೆ. ಹೆದರಬೇಡಿ, ಅದರ ಆಕಾರ ಬರುವುದು ಪಿನ್ನು ಚುಚ್ಚಿದಾಗ. ಥರ್ಮಾಕೋಲ್ ಹಲಗೆಯ ಮೇಲೆ ಒಂದು ಕಾಗದದಲ್ಲಿ ವೃತ್ತ, 60 ಡಿಗ್ರಿಗೊಂದರಂತೆ ಆರು ಗೆರೆ ಬರೆದು, ಮೇಲೆ ಪಾಲಿಥೀನ್ ಹಾಳೆ ಹೊದಿಸಿ. ಹಾಳೆ ಇಲ್ಲದಿದ್ದರೆ ಹೂವು ಕಾಗದಕ್ಕೇ ಅಂಟಿ, ಕೀಳುವಾಗ ಕಾಗದದ ಸಿಪ್ಪೆಯನ್ನೂ ಹೊತ್ತು ಬರುತ್ತದೆ. ಹೂವನ್ನು ಅಂಟಿನ ನೀರಿನಲ್ಲಿ ಅದ್ದಿ, ಹಿಂಡದೆ ಅಂಗೈಯಲ್ಲಿ ಒತ್ತಿ, ಮೊದಲು ಎದುರುಬದುರಿನ ಎರಡು ತುದಿ, ಆಮೇಲೆ ಉಳಿದ ನಾಲ್ಕು, ಕೊನೆಗೆ ಚಿಕ್ಕ ಮೊಗ್ಗುಗಳು, ಹೀಗೆ ಚುಚ್ಚಿ. ಒಂದು ಕಡೆಯಿಂದ ಸಾಲಾಗಿ ಚುಚ್ಚುತ್ತಾ ಹೋದರೆ ನಡುಬಿಂದು ಸರಿದುಬಿಡುತ್ತದೆ. ಪಿನ್ನು ತುಕ್ಕು ಹಿಡಿಯದ್ದಾಗಿರಲಿ. ಬಿಳಿ ದಾರಕ್ಕೆ ತುಕ್ಕಿನ ಕಲೆ ಬಿದ್ದರೆ ಹೋಗಿಸುವುದು ಬಲು ಕಷ್ಟ.

ಅಂಟಿಗೆ ಮೂರು ದಾರಿ. ಅಕ್ಕಿ ಗಂಜಿ, ಪುಕ್ಕಟೆ, ಆದರೆ ತೆಳು. ಸಕ್ಕರೆ ಪಾಕ ಹಳೆಯ ಇಂಗ್ಲಿಷ್ ಪುಸ್ತಕಗಳ ಸಲಹೆ, ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಬರೆದವರ ಊರಿನಲ್ಲಿ ಡಿಸೆಂಬರಿಗೆ ಇರುವೆ ಓಡಾಡುವುದಿಲ್ಲವೇನೋ, ನಮ್ಮಲ್ಲಿ ಮಾರನೇ ದಿನ ಸಾಲು ಕಟ್ಟುತ್ತವೆ. ಫೆವಿಕಾಲ್ ಒಂದು ಪಾಲು, ನೀರು ಒಂದು ಪಾಲು, ಇದೇ ಈ ಹವೆಗೆ ಸರಿ. ಗಂಜಿ ಹಾಕಿದ ಹೂವು ರಾತ್ರಿ ಹೊರಗಿದ್ದರೆ ಇಬ್ಬನಿಗೆ ಮತ್ತೆ ಮೆತ್ತಗಾಗಿ ಜೋಲುತ್ತದೆ, ಫೆವಿಕಾಲ್ ಅಷ್ಟು ಬೇಗ ಸೋಲುವುದಿಲ್ಲ. ನೆರಳಿನಲ್ಲಿ ಒಂದು ಪೂರ್ತಿ ದಿನ ಒಣಗಲಿ.

ಇನ್ನು ನಕ್ಷತ್ರ. ಕ್ರಿಸ್‌ಮಸ್ ನಕ್ಷತ್ರಗಳಲ್ಲಿ ಗಣಿತದ ಮೇಷ್ಟ್ರುಗಳಿಂದ ಬಂದದ್ದೂ ಒಂದಿದೆ. ಜರ್ಮನಿಯ ನೀಸ್ಕಿಯಲ್ಲಿ ಮೊರೇವಿಯನ್ ಎಂಬ ಕ್ರೈಸ್ತ ಪಂಗಡದ ಶಾಲೆಯಲ್ಲಿ 1830ರ ದಶಕದಲ್ಲಿ ರೇಖಾಗಣಿತದ ಪಾಠಕ್ಕೆಂದು ಮಾಡಿಸಿದ್ದು, ಇವತ್ತಿಗೂ ಅದಕ್ಕೆ 25 ಮೊನೆ. 26 ಮುಖದ ಘನಾಕೃತಿ ಅದು, ಒಂದು ಮುಖವನ್ನು ದೀಪ ಇಳಿಸಲು ಬಿಡುತ್ತಾರೆ. ಮಾಡಿ ನೋಡುವಂಥದ್ದೇ, ಆದರೆ ಒಂದು ಭಾನುವಾರಕ್ಕೆ ಮುಗಿಯುವುದಲ್ಲ. ನಮಗೆ ಐದು ಮೊನೆಯದು ಸಾಕು.

ಬಂಬೂ ಬಜಾರಿನಲ್ಲಿ ದಬ್ಬೆ ಸೀಳಿಸಿಕೊಳ್ಳಿ. 60 ಸೆಂಮೀ ಉದ್ದ, 8 ಮಿಮೀ ಅಗಲ, 3 ಮಿಮೀ ದಪ್ಪದ 10 ದಬ್ಬೆ. ಹೊರಮೈಯ ಹಸಿರು ಭಾಗ ಉಳಿಸಿ ಸೀಳಲು ಹೇಳಿ, ಗಟ್ಟಿ ಇರುವುದು ಅಲ್ಲೇ. ಒಳಗಿನ ಬಿಳಿ ತಿರುಳಿಗೆ ಕುಟ್ಟೆ ಹುಳು ಬೀಳುತ್ತದೆ. ಒಂದೊಂದು ದಬ್ಬೆಯ ಮಧ್ಯಕ್ಕೆ ಗುರುತು ಹಾಕಿ, ಆ ಗುರುತನ್ನು ತೋರುಬೆರಳ ಮೇಲಿಟ್ಟು ತೂಗಿ. ಒಂದು ಕಡೆ ವಾಲಿದರೆ ಆ ತುದಿ ದಪ್ಪ ಎಂದು ಅರ್ಥ, ಚಾಕುವಿನಿಂದ ಹೆರೆಯಿರಿ. ಗಾಳಿಪಟ ಕಟ್ಟುವವರು ಮಾಡುವುದೂ ಇದನ್ನೇ. ಇದನ್ನು ಬಿಟ್ಟರೆ ಒಂದು ದಬ್ಬೆ ಹೆಚ್ಚು ಬಾಗಿ ಇನ್ನೊಂದು ಕಡಿಮೆ ಬಾಗಿ ಇಡೀ ನಕ್ಷತ್ರ ತಿರುಚಿಕೊಳ್ಳುತ್ತದೆ. ಆಮೇಲೆ ಎಷ್ಟು ಬಿಗಿದು ಕಟ್ಟಿದರೂ ನೇರವಾಗುವುದಿಲ್ಲ.

ಪ್ರತಿ ದಬ್ಬೆಗೂ ಎರಡೂ ತುದಿಯಿಂದ 23 ಸೆಂಮೀಗೆ ಒಂದೊಂದು ಗುರುತು. ನಡುವೆ 14 ಉಳಿಯುತ್ತದೆ. ಐದು ದಬ್ಬೆಗಳನ್ನು, ಕೈ ಎತ್ತದೆ ನಕ್ಷತ್ರ ಬರೆಯುವ ಕ್ರಮದಲ್ಲೇ ಜೋಡಿಸಿ. ಪ್ರತಿ ದಬ್ಬೆಯೂ ಒಂದರ ಮೇಲೆ, ಇನ್ನೊಂದರ ಕೆಳಗೆ ಹಾಯಲಿ. ಗುರುತಿನ ಮೇಲೆ ಗುರುತು ಕೂತರೆ ಕೋನ ತಾನಾಗಿ ಸರಿಯಾಗುತ್ತದೆ, ಅಳೆಯಬೇಕಿಲ್ಲ. ಮೊದಲು ತುದಿ ಕಟ್ಟಿ, ಒಳಗಿನ ಐದು ಅಡ್ಡಹಾಯಿಗಳನ್ನು ಸಡಿಲವಾಗಿ ಕಟ್ಟಿ. ಇನ್ನೊಂದನ್ನೂ ಹೀಗೇ ಮಾಡಿ, ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳನ್ನು ಜೊತೆಗೂಡಿಸಿ ಬಿಗಿಯಿರಿ. ಈಗ ಒಳಗಿನ ಐದು ಜಾಗಗಳಲ್ಲಿ, ಎರಡೂ ಕಡೆ ಕಚ್ಚು ಹಾಕಿದ 15 ಸೆಂಮೀ ಕಡ್ಡಿಗಳನ್ನು ನಿಲ್ಲಿಸುತ್ತಾ ಬಂದರೆ ಚಪ್ಪಟೆ ನಕ್ಷತ್ರ ಉಬ್ಬಿ ನಿಲ್ಲುತ್ತದೆ. ಅಡ್ಡಹಾಯಿಗಳನ್ನು ಗಟ್ಟಿ ಕಟ್ಟುವುದು ಇದಾದ ಮೇಲೆ. ಮೊದಲೇ ಬಿಗಿದಿದ್ದರೆ ದಬ್ಬೆಗೆ ಸರಿಯಲು ಜಾಗವಿಲ್ಲದೆ ಗಿಣ್ಣಿನಲ್ಲಿ ಮುರಿಯುತ್ತದೆ. ಕಡ್ಡಿ ಹೆಚ್ಚು ಉದ್ದವಾದರೆ ತುದಿಯ ಗಂಟು ಕಿತ್ತುಕೊಳ್ಳುತ್ತದೆ, ತೀರಾ ಗಿಡ್ಡವಾದರೆ ಕಾಗದ ದೀಪದ ಹತ್ತಿರ ಬರುತ್ತದೆ.

ಮೇಲಿನ ಮೊನೆಯ ಬುಡದ ಎರಡು ಕಡ್ಡಿಗಳ ನಡುವೆ ಒಂದು ಅಡ್ಡಪಟ್ಟಿ ಕಟ್ಟಿ. ಹೋಲ್ಡರ್ ತೂಗುವುದು ಅದಕ್ಕೆ, ನಕ್ಷತ್ರ ನೇತುಹಾಕುವ ದಾರ ಹೊರಡುವುದೂ ಅಲ್ಲಿಂದಲೇ. ಭಾರ ಮೊನೆಯ ಮೇಲಾಗಲಿ ಕಾಗದದ ಮೇಲಾಗಲಿ ಬೀಳಬಾರದು. 5 ವ್ಯಾಟಿನ ಎಲ್‌ಇಡಿ ಸಾಕು. ಹಳೆಯ 60 ವ್ಯಾಟಿನ ಬಲ್ಬು ಬೇಡವೇ ಬೇಡ, ಕಾಗದ ಕಂದಿ ಹೊತ್ತಿಕೊಳ್ಳಬಹುದು. ಎಲ್‌ಇಡಿಯಲ್ಲೂ ಬಿಸಿಯಾಗುವುದು ಬುರುಡೆಯಲ್ಲ, ಬುಡ. ವೈರಿನ ಜೋಡಣೆ ನಕ್ಷತ್ರದೊಳಗೂ ಬೇಡ, ಇಬ್ಬನಿ ಬೀಳುವ ಕಡೆಯೂ ಬೇಡ.

ಕಾಗದ ಹಚ್ಚುವುದು ಬರೀ ಅಂಟಿಸುವ ಕೆಲಸ ಅಂದುಕೊಂಡೇ ಎಲ್ಲರೂ ಕೆಡಿಸುವುದು. ಕಾಗದ ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದರ ನಾರಿನ ಅಡ್ಡಕ್ಕೆ ಹಿಗ್ಗುವುದು ಹೆಚ್ಚು, ಉದ್ದಕ್ಕೆ ಕಡಿಮೆ. ನಾರು ಯಾವ ಕಡೆಗಿದೆ ಎಂದು ತಿಳಿಯಲು ಒಂದು ಚೂರು ಹರಿದು ನೋಡಿ. ನೇರವಾಗಿ ಹರಿದ ದಿಕ್ಕೇ ನಾರಿನ ದಿಕ್ಕು, ಅಡ್ಡಾದಿಡ್ಡಿ ಹರಿದದ್ದು ಅಡ್ಡ. ಮೊನೆಯ ತ್ರಿಕೋನಗಳಲ್ಲಿ ನಾರು ಬುಡದಿಂದ ತುದಿಗೆ ಓಡಲಿ. 23, 23, 14ರ ಅಳತೆಯ ಐದು ತ್ರಿಕೋನ ಮುಂದಕ್ಕೆ, ಐದು ಹಿಂದಕ್ಕೆ. ಪಕ್ಕಗಳಿಗೆ 23, 23, 15ರ ಹತ್ತು. ಮುಂದಿನ ನಡುವಿಗೆ ಒಂದು ಪಂಚಕೋನ. ಎಲ್ಲದಕ್ಕೂ ಸುತ್ತ ಒಂದು ಸೆಂಮೀ ಅಂಚು ಬಿಟ್ಟು ಕತ್ತರಿಸಿ. ಹಿಂದಿನ ಪಂಚಕೋನ ತೆರೆದೇ ಇರಲಿ, ಬಲ್ಬು ಹಾಕಲೂ ಬಿಸಿಗಾಳಿ ಹೊರಗೆ ಹೋಗಲೂ.

ಅಂಟು ದಬ್ಬೆಗೆ ಮಾತ್ರ, ಕಾಗದಕ್ಕಲ್ಲ. ಕಾಗದವನ್ನು ಎಳೆದು ಬಿಗಿಯಬೇಡಿ, ಸುಕ್ಕಿಲ್ಲದಷ್ಟು ಕೂರಿಸಿ ಬಿಡಿ. ಪೂರ್ತಿ ಒಣಗಿದ ಮೇಲೆ ಬಿಳಿ ಬಟರ್ ಪೇಪರಾದರೆ ನೀರನ್ನು ಮಂಜಿನ ಹಾಗೆ ಸಿಂಪಡಿಸಿ. ಒಣಗುತ್ತಾ ಅದು ತಾನಾಗಿ ಡೋಲಿನ ತೊಗಲಿನ ಹಾಗೆ ಬಿಗಿಯಾಗುತ್ತದೆ. ಮೊದಲೇ ಎಳೆದು ಅಂಟಿಸಿದ್ದರೆ ಈ ಹೊತ್ತಿನಲ್ಲಿ ಹರಿಯುತ್ತದೆ. ಬಣ್ಣದ ಕಾಗದಕ್ಕೆ ಈ ಉಪಾಯ ಬೇಡ, ಬಣ್ಣ ಹರಿದು ಕಲೆ ಬೀಳುತ್ತದೆ. ಅಂಚಿನ ಮೇಲೆ ಅಂಚು ಕೂರುವ ಜಾಗ ದಬ್ಬೆಯ ಮೇಲೇ ಇರಲಿ, ಇಲ್ಲದಿದ್ದರೆ ದೀಪ ಹಚ್ಚಿದಾಗ ಅಲ್ಲೊಂದು ಕಪ್ಪು ಗೆರೆ.

ಅಂಟಿಗೆ ಮೈದಾ ಎರಡು ದೊಡ್ಡ ಚಮಚ, ತಣ್ಣೀರು ಒಂದು ಲೋಟ. ಗಂಟಿಲ್ಲದ ಹಾಗೆ ಕದಡಿದ ಮೇಲೆಯೇ ಒಲೆಗಿಡಿ. ಬಿಳಿ ಹೋಗಿ ಪಾರದರ್ಶಕವಾದಾಗ ಇಳಿಸಿ. ಬೈಂಡಿಂಗಿನವರು ಹುಳು ಬರದಂತೆ ಮೈಲುತುತ್ತ ಹಾಕುವುದುಂಟು. ಅದು ವಿಷ, ಮಕ್ಕಳು ಕೂತು ಮಾಡುವ ಕೆಲಸಕ್ಕೆ ಬೇಡ. ಬೇಕಾದಷ್ಟನ್ನೇ ಕಾಯಿಸಿ, ಉಳಿದದ್ದನ್ನು ಚೆಲ್ಲಿ.

ಸಂಕ್ರಾಂತಿ ಡಬ್ಬಿಯ ಬಗ್ಗೆ ಚುಟುಕಾಗಿ. ಅಂಟಿಲ್ಲದೆ ಮಡಿಕೆಯಲ್ಲೇ ನಿಲ್ಲುವ ಚೌಕದ ಡಬ್ಬಿ ಇದು. ಎ4 ಹಾಳೆಯಿಂದ 20 ಸೆಂಮೀ ಚೌಕ ತೆಗೆಯಿರಿ. ಎರಡು ಕರ್ಣ ಮಡಿಸಿ ಬಿಚ್ಚಿ, ನಾಲ್ಕು ಮೂಲೆಗಳನ್ನೂ ನಡುವಿಗೆ ತನ್ನಿ. ಈಗ ಸಿಕ್ಕ ಚಿಕ್ಕ ಚೌಕದ ಎದುರುಬದುರಿನ ಅಂಚುಗಳನ್ನು ನಡುವಿಗೆ ಮಡಿಸಿ ಬಿಚ್ಚಿ, ಉಳಿದೆರಡನ್ನೂ ಹಾಗೇ ಮಾಡಿ. ಎದುರಿನ ಎರಡು ಮೂಲೆ ಪೂರ್ತಿ ತೆರೆದು, ಪಕ್ಕಗಳನ್ನು ಎತ್ತಿ ನಿಲ್ಲಿಸಿ, ತೆರೆದ ಮೂಲೆಗಳನ್ನು ಒಳಕ್ಕೆ ಹೊದಿಸಿದರೆ 7 ಸೆಂಮೀ ಅಗಲ, ಮೂರೂವರೆ ಎತ್ತರದ ಡಬ್ಬಿ. ನೂರು ಗ್ರಾಂ ಎಳ್ಳುಬೆಲ್ಲ ಹೆಚ್ಚುಕಡಿಮೆ ಹಿಡಿಸುತ್ತದೆ. ಮುಚ್ಚಳಕ್ಕೆ ಇನ್ನೊಂದು ಹಾಳೆಯಿಂದ 20.5 ಸೆಂಮೀ ಚೌಕ. ಈ ಅರ್ಧ ಸೆಂಮೀ ಮರೆತರೆ ಮುಚ್ಚಳ ಮೂಲೆಯಲ್ಲಿ ಹರಿಯುತ್ತದೆ, ಒಂದು ಸೆಂಮೀ ಬಿಟ್ಟರೆ ಲೊಳಲೊಳ. ಕಾಗದ, ಚದರ ಮೀಟರಿಗೆ ಇಷ್ಟು ಗ್ರಾಂ ಎನ್ನುವ ಲೆಕ್ಕದಲ್ಲಿ, 100ರಿಂದ 120 ಜಿಎಸ್‌ಎಂ ಇರಲಿ. ಮದುವೆ ಪತ್ರಿಕೆಯ ದಪ್ಪ ಕಾರ್ಡು ಎಷ್ಟು ಚೆಂದವಿದ್ದರೂ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಒಳಗೆ ಬಟರ್ ಪೇಪರ್ ಹಾಸುವುದನ್ನು ಬಿಡಬೇಡಿ. ಕೊಬ್ಬರಿ, ಕಡಲೆಬೀಜ, ಎಳ್ಳು ಮೂರೂ ಎಣ್ಣೆ ಬಿಡುತ್ತವೆ, ಮಾರನೇ ದಿನವೇ ಡಬ್ಬಿಯ ತಳದಲ್ಲಿ ದುಂಡು ಕಲೆ. ಬೆಲ್ಲ ಇನ್ನೂ ತೊಂದರೆಯದು, ಗಾಳಿಯ ತೇವ ಎಳೆದುಕೊಂಡು ಬೆವರುತ್ತದೆ. ಮಂಡ್ಯದ ಹೊಸ ಅಚ್ಚುಬೆಲ್ಲ ತಂದವರು ಹೆಚ್ಚಿ, ನೆರಳಲ್ಲಿ ಎರಡು ಮೂರು ದಿನ ಹರವಿ, ಆಮೇಲೆ ಬೆರೆಸಿ. ಡಬ್ಬಿಯನ್ನು ಎಷ್ಟು ಮುಂಚೆ ಬೇಕಾದರೂ ಮಡಿಸಿಡಬಹುದು, ತುಂಬುವುದು ಮಾತ್ರ ಹಬ್ಬದ ಹಿಂದಿನ ಸಂಜೆ.

ಮೇಜಿನ ಮೇಲೆ ಇಪ್ಪತ್ತು ದಬ್ಬೆ ಇಟ್ಟಿದ್ದೇನೆ, ಅದರಲ್ಲಿ ಆರು ಬೇಕೆಂದೇ ಒಂದು ತುದಿ ದಪ್ಪ ಬಿಟ್ಟವು. ಬಂದು ಬೆರಳ ಮೇಲೆ ತೂಗಿ, ಯಾವುವೆಂದು ಬೇರೆ ಮಾಡಿಡಿ. ಚಾಕು ಎಡಗಡೆ ತಟ್ಟೆಯಲ್ಲಿದೆ.