ಹವಳದ ದ್ವೀಪಗಳ ನಡುವೆ ಹಡಗಿನಲ್ಲೇ ಒಂದು ವಾರ: ಲಿವ್‌ಅಬೋರ್ಡ್ ಡೈವಿಂಗ್ ನಡೆಯುವುದು ಹೇಗೆ?

[ದೃಶ್ಯ: ಮುನಿರಾಬಾದ್ ಬಳಿ ತುಂಗಭದ್ರಾ ಜಲಾಶಯ, ಮಳೆಗಾಲದ ಕೆನ್ನೀರು]

ನಮಸ್ಕಾರ. ತುಂಗಭದ್ರಾ ಜಲಾಶಯದ ಹೂಳಿನ ಬಗ್ಗೆ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ಯಾವ ರೈತರಿಗೂ ವಿವರಿಸಿ ಹೇಳಬೇಕಾಗಿಲ್ಲ. ಸುಮಾರು 133 ಟಿಎಂಸಿ ಅಡಿ ನೀರು ಹಿಡಿಯಲೆಂದು ಕಟ್ಟಿದ ಜಲಾಶಯದಲ್ಲಿ ಈಗ ನಿಲ್ಲುವುದು ಸುಮಾರು 105 ಟಿಎಂಸಿ ಅಡಿ ಮಾತ್ರ. ಉಳಿದ ಜಾಗವನ್ನು ನದಿ ಹೊತ್ತು ತಂದ ಮಣ್ಣು ತುಂಬಿಕೊಂಡಿದೆ. ಇಂದಿನ ವಿಡಿಯೋದ ವಿಷಯ ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವ ಸ್ಕೂಬಾ ಡೈವಿಂಗ್ ಆದರೂ ಮಾತನ್ನು ಹೂಳಿನಿಂದ ಆರಂಭಿಸಲು ಕಾರಣವಿದೆ. ಸೊಗಸಾದ ಹವಳದ ದಿಬ್ಬಗಳು ಜನವಸತಿಯಿಂದ ಅಷ್ಟು ದೂರದಲ್ಲಿ ಏಕಿವೆ, ಅವುಗಳನ್ನು ನೋಡಲು ದಿನಗಟ್ಟಲೆ ಹಡಗಿನಲ್ಲೇ ಏಕೆ ಇರಬೇಕು ಎಂಬ ಪ್ರಶ್ನೆಗಳಿಗೆ ಉತ್ತರದ ದೊಡ್ಡ ಭಾಗ ಈ ಹೂಳಿನಲ್ಲಿಯೇ ಇದೆ.

[ದೃಶ್ಯ: ಹವಳದ ಪಾಲಿಪ್‌ಗಳ ಹತ್ತಿರದ ಚಿತ್ರ]

ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ; ಪಾಲಿಪ್ ಎಂಬ ಸಣ್ಣ ಪ್ರಾಣಿಗಳ ವಸಾಹತು. ಪಾಲಿಪ್‌ನ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲನ್ನು ಬಳಸಿಕೊಂಡು ಆ ಪಾಚಿ ತಯಾರಿಸುವ ಆಹಾರದ ಬಹುಪಾಲು ಹವಳಕ್ಕೆ ಸಲ್ಲುತ್ತದೆ, ಆ ಬಲದಿಂದಲೇ ಹವಳ ತನ್ನ ಸುತ್ತ ಸುಣ್ಣದ ಗೂಡು ಕಟ್ಟುತ್ತಾ ಹೋಗುತ್ತದೆ. ನೀರು ಕದಡಿದರೆ ಬಿಸಿಲು ಒಳಗಿಳಿಯುವುದಿಲ್ಲ, ಮಣ್ಣು ಕುಳಿತರೆ ಪಾಲಿಪ್ ಉಸಿರುಗಟ್ಟಿ ಸಾಯುತ್ತದೆ. ಆದ್ದರಿಂದ ದೊಡ್ಡ ನದಿಗಳ ಮುಖದಲ್ಲಿ ಹವಳದ ದಿಬ್ಬಗಳು ಬೆಳೆಯುವುದಿಲ್ಲ. ನದಿಯೇ ಇಲ್ಲದ, ನೀರು ತಿಳಿಯಾಗಿರುವ ನಡುಗಡಲಿನ ದ್ವೀಪಗಳ ಸುತ್ತ ಅವು ಹುಲುಸಾಗಿ ಬೆಳೆಯುತ್ತವೆ.

ಅಂಥ ದ್ವೀಪಗಳು ಹುಟ್ಟಿದ ಬಗೆಯನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿಯೇ ಊಹಿಸಿದ್ದರು. ಜ್ವಾಲಾಮುಖಿಯ ದ್ವೀಪವೊಂದು ಮೆಲ್ಲಗೆ ಕುಸಿಯುತ್ತಾ ಹೋದಂತೆ ಅದರ ಅಂಚಿನ ಹವಳ ಬಿಸಿಲನ್ನರಸಿ ಮೇಲೆ ಮೇಲೆ ಬೆಳೆಯುತ್ತದೆ. ಕೊನೆಗೆ ದ್ವೀಪ ಮುಳುಗಿ ಹವಳದ ಉಂಗುರ ಮಾತ್ರ ಉಳಿಯುತ್ತದೆ ಎಂಬುದು ಅವರ ವಾದ. ಪೆಸಿಫಿಕ್ ಸಾಗರದ ಎನೆವೆಟಾಕ್ ಎಂಬ ಇಂಥದೇ ಉಂಗುರದಲ್ಲಿ 1952ರಲ್ಲಿ ಕೊರೆದು ನೋಡಿದಾಗ, 1,200 ಮೀಟರಿಗೂ ಹೆಚ್ಚು ದಪ್ಪದ ಹವಳದ ಸುಣ್ಣಕಲ್ಲಿನ ಕೆಳಗೆ ಜ್ವಾಲಾಮುಖಿಯ ಬಂಡೆ ಸಿಕ್ಕಿತು. ನೂರಹತ್ತು ವರ್ಷಗಳ ನಂತರ ಒಂದು ಊಹೆ ಹೀಗೆ ಬಂಡೆಯಲ್ಲಿಯೇ ಸಾಕ್ಷಿ ಪಡೆದದ್ದು ನನಗೆ ಇಂದಿಗೂ ರೋಮಾಂಚನ ತರುವ ಸಂಗತಿ.

[ದೃಶ್ಯ: ಮಾಲ್ಡೀವ್ಸ್ ನಕ್ಷೆ, ಉಂಗುರಾಕಾರದ ಅಟಾಲ್‌ಗಳು]

ಮಾಲ್ಡೀವ್ಸ್ ಅಟಾಲ್ ಎಂದು ಕರೆಯುವ ಇಂಥ ಉಂಗುರಗಳದೇ ದೇಶ. ಸುಮಾರು 1,200 ದ್ವೀಪಗಳು ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹರಡಿಕೊಂಡಿವೆ. ಒಂದು ರೆಸಾರ್ಟ್‌ನಲ್ಲಿ ಉಳಿದುಕೊಂಡರೆ ಅದರ ಆಸುಪಾಸಿನ ದಿಬ್ಬಗಳನ್ನಷ್ಟೇ ನೋಡಬಹುದು. ಹಾಗಾಗಿ ಊಟ, ನಿದ್ದೆ, ಸಿಲಿಂಡರ್ ತುಂಬುವ ಕಂಪ್ರೆಸರ್ ಎಲ್ಲವನ್ನೂ ಹೊತ್ತ ಹಡಗೊಂದು ಒಂದು ವಾರ, ಕೆಲವೊಮ್ಮೆ ಹತ್ತು ದಿನ, ಅಟಾಲ್‌ನಿಂದ ಅಟಾಲ್‌ಗೆ ಸಾಗುತ್ತದೆ. ಇದಕ್ಕೆ ಲಿವ್‌ಅಬೋರ್ಡ್ ಎಂದು ಹೆಸರು. ಆದರೆ ಮಾಲ್ಡೀವ್ಸ್‌ನಲ್ಲಿ ಸಿಲಿಂಡರ್‌ಗಳನ್ನೂ ಕಂಪ್ರೆಸರನ್ನೂ ಸಾಮಾನ್ಯವಾಗಿ ಜೊತೆಯಲ್ಲೇ ಸಾಗುವ ಧೋನಿ ಎಂಬ ಬೇರೆ ದೋಣಿಯಲ್ಲಿಡುತ್ತಾರೆ, ಅದರಿಂದ ಮಲಗುವ ಹಡಗಿನಲ್ಲಿ ಸದ್ದು ಕಡಿಮೆ. ಇಂಡೊನೇಷ್ಯಾದ ರಾಜಾ ಅಂಪಟ್‌ನಲ್ಲಾದರೆ ಸೊರೊಂಗ್ ಪಟ್ಟಣದಿಂದ ಹೊರಡುವ ಅನೇಕ ಹಡಗುಗಳು ಪಿನಿಸಿ ಮಾದರಿಯ ಮರದ ಹಡಗುಗಳು. ದಕ್ಷಿಣ ಸುಲವೇಸಿಯ ಬಡಗಿಗಳ ಈ ಹಡಗು ಕಟ್ಟುವ ಕಲೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಹಡಗಿನ ದಿನಚರಿ ಸರಳ: ನಸುಕಿನಲ್ಲಿ ಚಹಾ, ಡೈವ್, ತಿಂಡಿ, ಡೈವ್, ಊಟ, ಮತ್ತೆ ಡೈವ್, ಕೆಲವು ದಿನ ಕತ್ತಲಾದ ಮೇಲೆ ಇನ್ನೊಂದು. ಈ ದಿನಚರಿಯನ್ನು ನಿರ್ಧರಿಸುವುದು ಕ್ಯಾಪ್ಟನ್ ಒಬ್ಬರೇ ಅಲ್ಲ, ನಿಮ್ಮ ರಕ್ತದಲ್ಲಿ ಕರಗಿರುವ ಸಾರಜನಕವೂ ಹೌದು. ಈ ವಿಡಿಯೋದಲ್ಲಿ ಒಂದೇ ವಿಷಯವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ ಎಂದು ಕೇಳಿಕೊಳ್ಳುತ್ತೇನೆ.

[ದೃಶ್ಯ: ಆಳ ಮತ್ತು ಒತ್ತಡದ ರೇಖಾಚಿತ್ರ]

ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, 30 ಮೀಟರ್ ಆಳದಲ್ಲಿ ನಾಲ್ಕು ಪಟ್ಟು. 1943ರಲ್ಲಿ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ರೆಗ್ಯುಲೇಟರ್ ಸುತ್ತಲಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುವುದರಿಂದಲೇ ನಾವು ಅಲ್ಲಿ ಉಸಿರಾಡಬಲ್ಲೆವು. ಆದರೆ ಒತ್ತಡದ ಗಾಳಿಯಲ್ಲಿರುವ ಸಾರಜನಕ ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗುತ್ತಾ ಹೋಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಅದು ಉಸಿರಿನ ಮೂಲಕ ಹೊರಹೋಗುತ್ತದೆ. ಅವಸರದಲ್ಲಿ ಬಂದರೆ ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ಗುಳ್ಳೆಗಳೇಳುವಂತೆ ಮೈಯೊಳಗೇ ಗುಳ್ಳೆಗಳು ಹುಟ್ಟುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಬ್ರಿಟಿಷ್ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತ ಹಂತವಾಗಿ ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದರು. ಇಂದು ಮಣಿಕಟ್ಟಿನ ಡೈವ್ ಕಂಪ್ಯೂಟರ್ ಮಾಡುವುದು ಅದೇ ಕೆಲಸದ ಮುಂದುವರಿದ ರೂಪವನ್ನು.

ದಿನಕ್ಕೊಂದು ಡೈವ್ ಮಾಡಿ ಮನೆಗೆ ಹೋಗುವವರಿಗೆ ಈ ಲೆಕ್ಕ ಅಷ್ಟು ಬಿಗಿಯಾಗಿರುವುದಿಲ್ಲ. ಲಿವ್‌ಅಬೋರ್ಡ್‌ನಲ್ಲಿ ಬೆಳಗಿನ ಡೈವ್‌ನ ಸಾರಜನಕ ಪೂರ್ತಿ ಹೋಗುವ ಮೊದಲೇ ಮುಂದಿನ ಡೈವ್ ಬರುತ್ತದೆ. ದಿನದಿಂದ ದಿನಕ್ಕೆ ಅದು ಮೈಯಲ್ಲಿ ಶೇಖರವಾಗುತ್ತದೆ. ಆದ್ದರಿಂದಲೇ ಪ್ರತಿ ಡೈವ್‌ನ ಕೊನೆಯಲ್ಲಿ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುತ್ತಾರೆ, ಆದ್ದರಿಂದಲೇ ಡೈವ್‌ಗಳ ನಡುವೆ ಬಿಡುವಿರುತ್ತದೆ, ಆದ್ದರಿಂದಲೇ ಕೊನೆಯ ದಿನ ಹಡಗು ಸುಮ್ಮನೆ ಲಂಗರು ಹಾಕಿರುತ್ತದೆ. ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಕಾಯಬೇಕು. 24 ಗಂಟೆ ಕಾದರೆ ಇನ್ನೂ ಒಳ್ಳೆಯದು. ಆ ದಿನ ವ್ಯರ್ಥವಾಯಿತೆಂದು ಬೇಸರಿಸುವವರಿದ್ದಾರೆ, ಆದರೆ ಪ್ರವಾಸದ ಅತ್ಯಂತ ಅಗತ್ಯವಾದ ದಿನ ಅದೇ.

[ದೃಶ್ಯ: ಸಿಲಿಂಡರ್‌ನ ಕುತ್ತಿಗೆ, ಬಿಳಿ ಟೇಪ್, ಕೈಬರಹ]

ಸಾರಜನಕವನ್ನು ಕಡಿಮೆ ಮಾಡಲು ನೈಟ್ರಾಕ್ಸ್ ಎಂಬ ಮಿಶ್ರಣವನ್ನು ಬಳಸುತ್ತಾರೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದ್ದರೆ ಇದರಲ್ಲಿ ಸಾಮಾನ್ಯವಾಗಿ ಶೇ 32ರಷ್ಟಿರುತ್ತದೆ. ಆದರೆ ಆಳದಲ್ಲಿ ಆಮ್ಲಜನಕವೇ ವಿಷವಾಗಬಲ್ಲದು. ಅತಿ ಆಳಕ್ಕೆ ಹೋದರೆ ಫಿಟ್ಸ್ ಬರಬಹುದು. ಹಾಗಾಗಿ ಹಡಗಿನ ಹಿಂಭಾಗದಲ್ಲಿ ಪ್ರತಿ ಡೈವ್‌ಗೆ ಮೊದಲು ಒಂದು ಸಣ್ಣ ವಿಧಿ ನಡೆಯುತ್ತದೆ. ನಿಮ್ಮ ಸಿಲಿಂಡರ್‌ನ ವಾಲ್ವನ್ನು ಸ್ವಲ್ಪವೇ ತೆರೆದು, ಹೊರಬರುವ ಗಾಳಿಗೆ ಆಮ್ಲಜನಕದ ಪ್ರಮಾಣ ಅಳೆಯುವ ಅಂಗೈಯಗಲದ ಅನಲೈಸರನ್ನು ಹಿಡಿಯುತ್ತೀರಿ. ಪರದೆಯ ಮೇಲೆ ಅಂಕಿ ಏರಿ, ತೂಗಿ, 31.8 ಎಂದೋ 32.1 ಎಂದೋ ನಿಲ್ಲುತ್ತದೆ. ಆ ಅಂಕಿಯನ್ನೂ ನೀವು ಇಳಿಯಬಹುದಾದ ಗರಿಷ್ಠ ಆಳವನ್ನೂ ಟೇಪ್‌ನ ಮೇಲೆ ಬರೆದು, ಪುಸ್ತಕದಲ್ಲಿ ಸಹಿ ಹಾಕುತ್ತೀರಿ. ಬೇರೊಬ್ಬರು ಅಳೆದುಕೊಟ್ಟರೆ ಸಾಲದು; ಉಸಿರಾಡುವವರೇ ಅಳೆಯಬೇಕು ಎಂಬ ಈ ಶಿಸ್ತು ನನಗೆ ಬಹಳ ಹಿಡಿಸಿದೆ.

[ದೃಶ್ಯ: ಅಟಾಲ್‌ನ ಕಾಲುವೆ, ಬೂದುಬಣ್ಣದ ಶಾರ್ಕ್‌ಗಳು]

ಇಷ್ಟೆಲ್ಲ ಶಿಸ್ತು ಪಾಲಿಸಿದ ಮೇಲೆ ಕಾಣುವುದೇನು? ಅಟಾಲ್‌ನ ಉಂಗುರದಲ್ಲಿ ಅಲ್ಲಲ್ಲಿ ಬಿರುಕುಗಳಿವೆ. ಭರತ ಬಂದಾಗ ಅವುಗಳ ಮೂಲಕ ಹೊರಕಡಲಿನ ತಿಳಿನೀರು ಒಳಗೆ ನುಗ್ಗುತ್ತದೆ. ಆ ಬಾಯಲ್ಲಿ ನೀರಿನ ಸೆಳೆತಕ್ಕೆ ಮುಖವೊಡ್ಡಿ ಬೂದುಬಣ್ಣದ ಶಾರ್ಕ್‌ಗಳು ಬಾಲವನ್ನಷ್ಟೇ ಅಲ್ಲಾಡಿಸುತ್ತಾ ನಿಂತಲ್ಲೇ ನಿಂತಿರುತ್ತವೆ. ಡೈವರ್‌ಗಳು ಹಗ್ಗದ ತುದಿಯ ಕೊಕ್ಕೆಯನ್ನು ಜೀವವಿಲ್ಲದ ಬಂಡೆಗೆ ಸಿಕ್ಕಿಸಿಕೊಂಡು ನೋಡುತ್ತಾರೆ. ಜೀವಂತ ಹವಳಕ್ಕೆ ಕೊಕ್ಕೆ ಹಾಕುವುದು ಅಕ್ಷಮ್ಯ; ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುವ ಜೀವಿಯನ್ನು ಅದು ಕ್ಷಣದಲ್ಲಿ ಮುರಿಯುತ್ತದೆ.

ನಮ್ಮ ಮುಂಗಾರಿಗೂ ಈ ದ್ವೀಪಗಳಿಗೂ ಸಂಬಂಧವಿದೆ. ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಸಿ, ರಾಯಚೂರಿನ ರೈತರನ್ನು ಆಕಾಶ ನೋಡುವಂತೆ ಮಾಡುವ ಅದೇ ನೈಋತ್ಯ ಮಾರುತದ ತಿಂಗಳುಗಳಲ್ಲಿ, ಮಾಲ್ಡೀವ್ಸ್‌ನ ಬಾ ಅಟಾಲ್‌ನ ಹನಿಫಾರು ಕೊಲ್ಲಿಗೆ ನೀರಿನ ಪ್ರವಾಹವು ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳನ್ನು ತಂದು ಕೂಡಿಹಾಕುತ್ತದೆ. ಅವನ್ನು ತಿನ್ನಲು ಮಾಂಟಾ ಎಂಬ ಅಗಲ ರೆಕ್ಕೆಯ ದೊಡ್ಡ ಮೀನುಗಳು, ಕೆಲವೊಮ್ಮೆ ನೂರಕ್ಕೂ ಹೆಚ್ಚು, ಒಟ್ಟಿಗೆ ಸೇರುತ್ತವೆ. ಅಲ್ಲಿ ಸ್ಕೂಬಾ ನಿಷಿದ್ಧ, ಕೊಳವೆಯ ಮೂಲಕ ಉಸಿರಾಡುತ್ತಾ ಮೇಲ್ಮೈಯಲ್ಲಿ ಈಜುವ ಸ್ನಾರ್ಕೆಲ್ ಮಾತ್ರ. ಸಿಲಿಂಡರ್‌ಗಳ ಗುಳ್ಳೆಗಳು ಮಾಂಟಾಗಳ ಊಟಕ್ಕೆ ಅಡ್ಡಿಯಾಗಬಾರದೆಂಬ ಈ ನಿಷೇಧ ಸರಿಯಾದದ್ದು.

[ದೃಶ್ಯ: ರಾತ್ರಿ ಹಡಗಿನ ಒಳಭಾಗ, ತುರ್ತು ನಿರ್ಗಮನದ ದಾರಿ]

ಹಡಗನ್ನು ಆರಿಸುವಾಗ ಕೋಣೆಯ ಅಂದಕ್ಕಿಂತ ಮೊದಲು ಬೆಂಕಿಯ ಬಗ್ಗೆ ಕೇಳಿ. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಕನ್ಸೆಪ್ಶನ್ ಎಂಬ ಡೈವಿಂಗ್ ಹಡಗಿಗೆ ನಸುಕಿನ ಹೊತ್ತು ಬೆಂಕಿ ಬಿದ್ದು, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿ ಸತ್ತರು. ರಾತ್ರಿ ಎಚ್ಚರವಾಗಿದ್ದು ಸುತ್ತು ಹಾಕುವ ಕಾವಲುಗಾರರಿರಲಿಲ್ಲ ಎಂಬುದನ್ನು ತನಿಖೆ ಎತ್ತಿ ತೋರಿಸಿತು. ಕ್ಯಾಮೆರಾ ಮತ್ತು ಟಾರ್ಚ್‌ಗಳ ಲಿಥಿಯಂ ಬ್ಯಾಟರಿಗಳನ್ನು ಎಲ್ಲಿ ಚಾರ್ಜ್ ಮಾಡುತ್ತಾರೆ, ರಾತ್ರಿ ಯಾರು ಕಾವಲಿರುತ್ತಾರೆ, ಕೋಣೆಯಿಂದ ಹೊರಬರಲು ಎರಡನೆಯ ದಾರಿ ಎಲ್ಲಿದೆ ಎಂದು ಮುಂಗಡ ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಉತ್ತರಿಸಲು ಹಿಂಜರಿಯುವ ಹಡಗನ್ನು ಬಿಟ್ಟುಬಿಡಿ.

ಹವಳಕ್ಕೆ ಹೂಳಿಗಿಂತ ದೊಡ್ಡ ಅಪಾಯ ಈಗ ಬಿಸಿ. ಬೇಸಿಗೆಯ ವಾಡಿಕೆಯ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ ವಾರಗಟ್ಟಲೆ ಉಳಿದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 1998ರಲ್ಲಿ ಮಾಲ್ಡೀವ್ಸ್ ಮತ್ತು ಲಕ್ಷದ್ವೀಪಗಳೆರಡರಲ್ಲೂ ಅಪಾರ ಹಾನಿಯಾಯಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿದರು. ಬಿಳಿಚಿದ ಹವಳ ಒಡನೆಯೇ ಸಾಯುವುದಿಲ್ಲ; ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ. ನಮಗಿರುವ ಭರವಸೆ ಅಷ್ಟು, ಅದು ಸಣ್ಣದಲ್ಲ.

[ದೃಶ್ಯ: ಕೊಪ್ಪಳ ರೈಲು ನಿಲ್ದಾಣ, ನಂತರ ಮುರುಡೇಶ್ವರದ ಕಡಲು]

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆಯ ಯುವಕ ಯುವತಿಯರು ಎಲ್ಲಿಂದ ಆರಂಭಿಸಬೇಕು? ಕಾಲುವೆಯಲ್ಲಿ ಈಜಿ ಬಲ್ಲವರಿಗೂ ಸಮುದ್ರ ಬೇರೆಯೇ. ಈಜು ಗೊತ್ತಿಲ್ಲದವರು ಮೊದಲು ಕೊಳದಲ್ಲಿ ಕಲಿಯಿರಿ. ಕಿವಿ, ಶ್ವಾಸಕೋಶ, ಹೃದಯದ ತೊಂದರೆಗಳಿದ್ದರೆ ವೈದ್ಯರ ಒಪ್ಪಿಗೆ ಇಲ್ಲದೆ ಮುಂದುವರಿಯಬೇಡಿ. ನಂತರ 18 ಮೀಟರ್‌ವರೆಗೆ ಇಳಿಯಲು ಅರ್ಹತೆ ಕೊಡುವ ಓಪನ್ ವಾಟರ್ ಕೋರ್ಸ್, ಆಮೇಲೆ 30 ಮೀಟರ್‌ವರೆಗಿನ ಅಡ್ವಾನ್ಸ್‌ಡ್ ಕೋರ್ಸ್. ಮಾಲ್ಡೀವ್ಸ್‌ನಲ್ಲಿ ಪ್ರವಾಸಿ ಡೈವರ್‌ಗಳಿಗೆ 30 ಮೀಟರ್ ಮಿತಿ ಕಾನೂನಿನಲ್ಲಿಯೇ ಇದೆ. ಸೆಳೆತ ಬಲವಾಗಿರುವ ಕಡೆಗೆ ಹೋಗುವ ಅನೇಕ ಹಡಗುಗಳು ಲಾಗ್ ಬುಕ್‌ನಲ್ಲಿ 30ರಿಂದ 50 ಡೈವ್‌ಗಳ ಅನುಭವವನ್ನು ಕೇಳುತ್ತವೆ. ಒಂದು ವಾರದ ಪಯಣಕ್ಕೆ ವಿಮಾನದ ಖರ್ಚು ಬಿಟ್ಟೇ ಸಾಮಾನ್ಯವಾಗಿ ಒಂದು ಲಕ್ಷ ರೂಪಾಯಿಗೂ ಮೇಲಾಗುತ್ತದೆ. ಡೈವಿಂಗ್ ವಿಮೆಯನ್ನು ಆ ಲೆಕ್ಕದಲ್ಲಿ ಸೇರಿಸಿಕೊಳ್ಳಿ, ಏಕೆಂದರೆ ಗುಳ್ಳೆಗಳ ಕಾಯಿಲೆಗೆ ಚಿಕಿತ್ಸೆ ನೀಡುವ ಒತ್ತಡದ ಕೊಠಡಿ ಹಡಗಿನಿಂದ ಬಹಳ ದೂರದಲ್ಲಿರುತ್ತದೆ.

ಅನುಭವ ಗಳಿಸಲು ನಮ್ಮ ದೇಶದಲ್ಲಿಯೇ ಲಕ್ಷದ್ವೀಪದ ಅಟಾಲ್‌ಗಳಿವೆ, ಅಲ್ಲಿಗೆ ಹೋಗಲು ಪರವಾನಗಿ ಬೇಕು. ಅದಕ್ಕೂ ಹತ್ತಿರದಲ್ಲಿ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪವಿದೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಡೈವಿಂಗ್ ಆರಂಭವಾಗುತ್ತದೆ. ನೇತ್ರಾಣಿಗೆ ಹೋಗುವವರಿಗೆ ಒಂದು ಮಾತು. ಕರಾವಳಿಯಿಂದ ಕೊಪ್ಪಳಕ್ಕೆ ಮರಳುವ ದಾರಿ ಘಟ್ಟ ಹತ್ತುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುವುದರಿಂದ, ವಿಮಾನದಲ್ಲಿ ಆಗುವುದೇ ಸಣ್ಣ ಪ್ರಮಾಣದಲ್ಲಿ ಬಸ್ಸಿನಲ್ಲಿಯೂ ಆಗುತ್ತದೆ. ಹಾಗಾಗಿ ಡೈವ್ ಮುಗಿಸಿದ ಸಂಜೆಯೇ ಹೊರಡಬೇಡಿ. ಆ ರಾತ್ರಿ ಮುರುಡೇಶ್ವರದಲ್ಲಿಯೇ ತಂಗಿ, ಚೆನ್ನಾಗಿ ನೀರು ಕುಡಿದು, ಮರುದಿನ ಘಟ್ಟ ಹತ್ತಿ.