ಟೋಕಿಯೋ ಡೋಮ್, ಜನವರಿ 4: ದುಬಾರಿ ಸೀಟು ತಗೋಬೇಡಿ

ಇವತ್ತು ಟೋಕಿಯೋ ಡೋಮ್ ಸ್ಟೇಡಿಯಮ್ಮಲ್ಲಿ ಪ್ರೊ ರೆಸ್ಲಿಂಗ್ ಶೋ. ಇದು ಸುಯ್ದೋಬಾಶಿ ಸ್ಟೇಷನ್, ಪಶ್ಚಿಮದ ಗೇಟು. ದಾರಿ ಹೇಳೋದೇನೂ ಬೇಡ, ಕುತ್ತಿಗೆಗೆ ರೆಸ್ಲರ್ ಹೆಸರಿನ ಟವೆಲ್ ಸುತ್ಕೊಂಡವರ ಹಿಂದೆ ನಡೀತಾ ಇರಿ, ಡೋಮ್ ಸಿಗುತ್ತೆ. ಗೇಟು ದಾಟೋ ಮುಂಚೆ ಸುಯಿಕಾ ಕಾರ್ಡಿಗೆ (ರೈಲಿಗೂ ಅಂಗಡಿಗೂ ನಡೆಯೋ ಪ್ರೀಪೇಯ್ಡ್ ಕಾರ್ಡು) ದುಡ್ಡು ತುಂಬಿಸ್ಕೊಳ್ಳಿ. ಡೋಮ್ ಒಳಗಿನ ತಿಂಡಿ ಅಂಗಡಿಗಳು 2022ರಿಂದ ನಗದು ಮುಟ್ಟಲ್ಲ. ಇಲ್ಲಿನ ಮಿಷಿನ್ನಿಗೆ ನೋಟು ಹಾಕಬಹುದು, ಕಾರ್ಡಲ್ಲಿ 20,000 ಯೆನ್ ತನಕ ಹಿಡಿಯುತ್ತೆ. ರಾತ್ರಿ ವಾಪಸ್ ಹೋಗೋ ರೈಲಿನ ದುಡ್ಡೂ ಈಗಲೇ ಹಾಕಿಡಿ. ಶೋ ಬಿಟ್ಟ ಮೇಲೆ ಇದೇ ಮಿಷಿನ್ ಮುಂದೆ ನಿಂತ್ರೆ ಅರ್ಧ ರಾತ್ರಿ ಇಲ್ಲೇ.

ನ್ಯೂ ಜಪಾನ್ ಪ್ರೊ ರೆಸ್ಲಿಂಗ್ ಅನ್ನೋ ಕಂಪನಿ ಈ ಜಾಗದಲ್ಲಿ ಪ್ರತಿ ಜನವರಿ 4ಕ್ಕೆ ಶೋ ಮಾಡ್ತಿರೋದು 1992ರಿಂದ. ರೆಸಲ್ ಕಿಂಗ್‌ಡಮ್ ಅನ್ನೋ ಹೆಸರು ಬಂದಿದ್ದು 2007ರಲ್ಲಿ. ಹೊಸ ವರ್ಷದ ರಜೆ ಮುಗಿಯೋ ಹೊತ್ತು ಅದು, ಊರಿಂದ ಬಂದವರೂ ಟೋಕಿಯೋದಲ್ಲಿ ಇರೋರೂ ಎಲ್ಲಾ ಒಟ್ಟಿಗೆ ಸೇರ್ತಾರೆ.

ತಿರುಗೋ ಬಾಗಿಲು ನೋಡಿ. ಈ ಚಾವಣಿ ಗಾಳಿ ಒತ್ತಡದ ಮೇಲೆ ನಿಂತಿರೋದು. ಒಳಗಿನ ಒತ್ತಡ ಹೊರಗಿಗಿಂತ 0.3 ಶೇಕಡಾದಷ್ಟು ಜಾಸ್ತಿ ಇಟ್ಟಿರ್ತಾರೆ, ಅದು ಸೋರಬಾರದು ಅಂತ ಈ ಬಾಗಿಲು. ಕ್ಯಾನು, ಗಾಜಿನ ಬಾಟ್ಲಿ ಇದ್ರೆ ಒಳಗೆ ಬಿಡಲ್ಲ.

ಈಗ ಸೀಟಿನ ವಿಷಯ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಜನ ಜಾಸ್ತಿ ದುಡ್ಡು ಕೊಟ್ಟು ಕಡಿಮೆ ನೋಡ್ತಾರೆ. ಇದು ಬೇಸ್‌ಬಾಲ್ ಮೈದಾನ. ಕೆಳಗೆ ಕಾಣ್ತಿರೋ ಅರೀನಾ ಸೀಟುಗಳು ಇವತ್ತಿಗೆ ಅಂತ ಸಮತಟ್ಟು ನೆಲದ ಮೇಲೆ ಜೋಡಿಸಿರೋ ಮಡಚೋ ಕುರ್ಚಿಗಳು. ಇಳಿಜಾರು ಒಂದಿಂಚೂ ಇಲ್ಲ. ಮೊದಲ ನಾಲ್ಕೈದು ಸಾಲಿನವರಿಗೆ ಸ್ವರ್ಗ, ಒಪ್ತೀನಿ. ಅದರ ಹಿಂದಿನವರಿಗೆ ಕಾಣೋದು ಮುಂದಿನವರ ತಲೆ, ರಿಂಗಿನ ಮೂಲೆ ಕಂಬ, ಅತ್ತಿತ್ತ ಓಡಾಡೋ ಕ್ಯಾಮೆರಾದವರು. ಇಬ್ಬರೂ ನಿಂತು ಹೊಡೆದಾಡ್ತಾ ಇರೋವರೆಗೆ ಪರವಾಗಿಲ್ಲ. ಒಬ್ಬ ಇನ್ನೊಬ್ಬನ ಕಾಲು ಹಿಡಿದು ನೆಲಕ್ಕೆ ಕೆಡವಿದ ತಕ್ಷಣ ಇಬ್ಬರೂ ಮಾಯ! ಝ್ಯಾಕ್ ಸೇಬರ್ ಜೂನಿಯರ್ ಥರದವರ ಆಟವೆಲ್ಲ ಇರೋದೇ ನೆಲದ ಮೇಲೆ, ಕೈ ತಿರುಚೋದು, ಕುತ್ತಿಗೆ ಸಿಕ್ಕಿಸೋದು. ರಿಂಗಿಂದ ಆಚೆ ಬಿದ್ದರೆ ರೆಫ್ರಿ 20 ಎಣಿಸೋ ತನಕ ಏನೂ ಕಾಣಲ್ಲ. ಕೊನೆಗೆ ಎಲ್ಲರೂ ಕತ್ತೆತ್ತಿ ದೊಡ್ಡ ಸ್ಕ್ರೀನ್ ನೋಡ್ತಾ ಕೂತಿರ್ತಾರೆ. ಅಷ್ಟು ದುಡ್ಡು ಕೊಟ್ಟು ಸ್ಕ್ರೀನ್ ನೋಡೋದಾ?

ತಗೋಬೇಕಾದ್ದು ಇಲ್ಲಿ, ಮೊದಲ ಹಂತದ ಸ್ಟ್ಯಾಂಡು, ಫಸ್ಟ್ ಬೇಸ್ ಅಥವಾ ಥರ್ಡ್ ಬೇಸ್ ಕಡೆ, ಅಂದ್ರೆ ಮೈದಾನದ ಎರಡು ಪಕ್ಕ. ಸ್ಟೇಜು ಔಟ್‌ಫೀಲ್ಡ್ ಕಡೆ, ಅಂದ್ರೆ ಮೈದಾನದ ಆಚೆ ತುದಿಗೆ, ಇರೋದ್ರಿಂದ ರೆಸ್ಲರ್‌ಗಳು ಬರೋ ರ‍್ಯಾಂಪು, ರಿಂಗು ಎರಡೂ ಒಂದೇ ನೋಟಕ್ಕೆ ಸಿಗುತ್ತೆ. ಜೊತೆಗೆ 8 ಪಟ್ಟಿನ ಬೈನಾಕ್ಯುಲರ್. 80 ಮೀಟರ್ ದೂರದ್ದು 10 ಮೀಟರಲ್ಲಿ ಇದ್ದಂಗೆ ಕಾಣುತ್ತೆ. 12 ಪಟ್ಟಿಂದು ತರಬೇಡಿ, ಕೈ ನಡುಗಿದ್ದೆಲ್ಲ ಕಣ್ಣಲ್ಲಿ ಕುಣಿಯುತ್ತೆ.

ಇಲ್ಲಿ ಕೂತವರಿಗೆ ಶಬ್ದ ಸ್ವಲ್ಪ ತಡ. ಮೈ ಮ್ಯಾಟಿಗೆ ಬಡಿದಿದ್ದು ಮೊದಲು ಕಾಣುತ್ತೆ, ಧಡ್ ಅನ್ನೋದು ಆಮೇಲೆ ಕೇಳುತ್ತೆ. 70 ಮೀಟರಿಗೆ ಸೆಕೆಂಡಿನ ಐದನೇ ಒಂದು ಭಾಗ. ಮೊದಲೆರಡು ಪಂದ್ಯ ಕಿರಿಕಿರಿ, ಆಮೇಲೆ ಅಭ್ಯಾಸ ಆಗುತ್ತೆ.

ಹಾಂ, ಅರೀನಾ ಸೀಟಿನ ಪರವಾಗಿ ಒಂದು ಮಾತು ಹೇಳ್ಲೇಬೇಕು. ಒಕಾಡಾ ಅನ್ನೋ ರೆಸ್ಲರ್ 2024ರಲ್ಲಿ ಕಂಪನಿ ಬಿಡೋ ತನಕ, ಅವನ ಎಂಟ್ರಿ ಹೊತ್ತಲ್ಲಿ ಮೇಲಿಂದ ಅವನ ಮುಖ ಅಚ್ಚಾದ ನೋಟುಗಳ ಮಳೆ ಸುರೀತಿದ್ದಿದ್ದು ಕೆಳಗೆ ಕೂತವರ ಮೇಲೆ. ಅಗಲವಾದ ತೆಳ್ಳನೆ ಕಾಗದ, ಲೈಟಿನ ಕೆಳಗೆ ಹೊರಳ್ತಾ ಹೊರಳ್ತಾ ನಿಧಾನಕ್ಕೆ ಇಳೀತಿತ್ತು. ದೊಡ್ಡವರೂ ಕುರ್ಚಿ ಕೆಳಗೆ ಬಗ್ಗಿ ಹೆಕ್ತಿದ್ರು. ಅದೊಂದಕ್ಕೆ ಅಂತ ಕೆಳಗೆ ಕೂರ್ತೀನಿ ಅಂದಿದ್ರೆ ಬೇಡ ಅಂತಿರ್ಲಿಲ್ಲ.

ಬಾತ್‌ರೂಮಿಗೆ ಮುಂಚಿನ ಟ್ಯಾಗ್ ಪಂದ್ಯಗಳ (ತಂಡ ಕಟ್ಕೊಂಡು ಆಡೋದು) ಹೊತ್ತಲ್ಲೇ ಹೋಗಿ ಬನ್ನಿ. ಕೊನೇ ಪಂದ್ಯ ಎಷ್ಟು ಹೊತ್ತು ಎಳೆಯುತ್ತೆ ಹೇಳೋಕಾಗಲ್ಲ. 2017ರಲ್ಲಿ ಒಕಾಡಾ, ಕೆನ್ನಿ ಒಮೆಗಾ ಆಡಿದ್ದು 46 ನಿಮಿಷ 45 ಸೆಕೆಂಡು. ಟೈಟಲ್ ಪಂದ್ಯಕ್ಕೆ 60 ನಿಮಿಷದ ಮಿತಿ.

ಶೋ ಒಂದೇ ದಿನ ಇರಬೇಕು. 2020ರಲ್ಲಿ ಎರಡು ದಿನಕ್ಕೆ ಹಂಚಿದ್ರು, 4 ಮತ್ತು 5. ಹಬ್ಬದ ಬಿಸಿ ಅರ್ಧಕ್ಕೆ ಇಳೀತು. ಆದ್ರೆ ಆ ಎರಡನೇ ರಾತ್ರೀಲೇ ಅಲ್ವಾ ನೈಟೋ ಒಕಾಡಾನ ಸೋಲಿಸಿ ಎರಡೂ ಚಾಂಪಿಯನ್ ಬೆಲ್ಟ್ ಎತ್ತಿದ್ದು, ಹಿರಿಯ ರೆಸ್ಲರ್ ಲೈಗರ್ ಕೊನೇ ಸಲ ಆಡಿದ್ದು? ಹಂಗಾದ್ರೆ ಆ ಒಂದು ವರ್ಷ ಬಿಟ್ಟು ಅಂದ್ಕೊಳ್ಳಿ. 2021, 2022ರಲ್ಲಿ ಕೊರೋನಾದಿಂದ ಕೂಗೋಕೇ ಬಿಡ್ತಿರ್ಲಿಲ್ಲ, ಬರೀ ಚಪ್ಪಾಳೆ, ಕಾಲು ಬಡಿತ. ಕೂಗು ವಾಪಸ್ ಬಂದಿದ್ದು 2023ರಲ್ಲಿ. ಅದಿಲ್ಲದೆ ಈ ಡೋಮ್ ಡೋಮೇ ಅಲ್ಲ.

ತಾನಾಹಾಶಿ ಕೊನೇ ಪಂದ್ಯ ಆಡಿದ್ದೂ ಇಲ್ಲೇ, 2026ರ ಜನವರಿ 4, ಎದುರಿಗೆ ಹೊರಗಿಂದ ಬಂದ ಒಕಾಡಾ. ಕಂಪನಿ ಸೊರಗಿ ಹೋಗಿದ್ದ ಕಾಲದಲ್ಲಿ ಹೆಗಲು ಕೊಟ್ಟು ಜನಾನ ವಾಪಸ್ ಕರ್ಕೊಂಡು ಬಂದವರಲ್ಲಿ ಮೊದಲಿಗ ಅವನು. ಅವನ ಬಗ್ಗೆ ಶುರು ಮಾಡಿದ್ರೆ ಇವತ್ತು ಮುಗಿಯಲ್ಲ, ಬನ್ನಿ, ಜನ ಎದ್ರು.

ಹೊರಗೆ ಹೋಗುವಾಗ ದೊಡ್ಡ ಬಾಗಿಲು ತೆಗೀತಾರೆ, ಒಳಗಿನ ಗಾಳಿ ಬೆನ್ನಿಗೆ ಗುದ್ದಿ ತಳ್ಳುತ್ತೆ. ಟೋಪಿ ಕೈಯಲ್ಲಿ ಹಿಡ್ಕೊಳ್ಳಿ. ಸುಯ್ದೋಬಾಶಿ ಕಡೆ ಹೋಗಬೇಡಿ, ಪ್ಲಾಟ್‌ಫಾರ್ಮ್ ತುಂಬಿರುತ್ತೆ. ಕೊರಾಕುಯೆನ್ ಸ್ಟೇಷನ್ನಿಗೆ ಹೋದ್ರೆ ಮರುನೊಉಚಿ ಮೆಟ್ರೋ ಸಿಗುತ್ತೆ. ಇಲ್ಲಾಂದ್ರೆ ಇನ್ನೂ ನಾಲ್ಕು ಹೆಜ್ಜೆ, ಕಾಸುಗಾದಲ್ಲಿ ಒಯೆದೋ ಲೈನು.

ಊರಲ್ಲಿ ಕೂತು ಲೈವ್ ನೋಡೋರಿಗೆ: ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 5 ಅಂದ್ರೆ ನಮಗೆ ಮಧ್ಯಾಹ್ನ 1:30. ಶುರುವಾಗೋ ಹೊತ್ತು ಎಲ್ಲಾ ವರ್ಷ ಒಂದೇ ಇರಲ್ಲ, ಹಿಂದಿನ ದಿನವೇ ನೋಡಿಟ್ಕೊಂಡು ಊಟ ಬೇಗ ಮುಗಿಸಿ.