ರೆಕಾರ್ಡಿನ ಗಿಟಾರು, ನನ್ನ ಗಿಟಾರು

ಹಾಸನ ಆಕಾಶವಾಣಿ ಕೇಳ್ತಾ ಇರೋ ಎಲ್ರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನೋನು. ಹಗಲೊತ್ತು ಕಾಫಿ ಕ್ಯೂರಿಂಗ್ ವರ್ಕ್ಸಲ್ಲಿ ಮೂಟೆ ಲೆಕ್ಕ ಬರೀತೀನಿ, ಮದುವೆ ಸೀಸನ್ನು ಗಣಪತಿ ಸೀಸನ್ನು ಬಂತು ಅಂದ್ರೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸ್ತೀನಿ. ಇವತ್ತು ಒಂದು ಹುಚ್ಚಿನ ಬಗ್ಗೆ ಮಾತಾಡ್ತೀನಿ. ಹಾಡಿನ ರೆಕಾರ್ಡಲ್ಲಿ ಗಿಟಾರ್ ಹೆಂಗೆ ಕೇಳ್ಸುತ್ತೋ ನಮ್ಮ ಕೈಲೂ ಹಂಗೇ ಕೇಳ್ಸಬೇಕು ಅನ್ನೋ ಹುಚ್ಚು. ಸ್ವರದ ಮಾತಲ್ಲ ಇದು, ಸ್ವರ ಕೂತ್ಕೊಂಡು ಕಲಿತ್ರೆ ಬರುತ್ತೆ. ಸೌಂಡಿನ ಮಾತು. ನಮ್ಮೋರು ಅದನ್ನ ಟೋನ್ ಅಂತಾರೆ.

ಕಳೆದ ಜುಲೈಲಿ ನಮ್ಮ ಕೀಬೋರ್ಡ್ ಅಣ್ಣ ಒಂದು ಹಳೇ ಸಿನಿಮಾ ಹಾಡು ಕಳಿಸಿ, ‘ಶುರುವಲ್ಲಿ ಎಂಟು ಸೆಕೆಂಡ್ ಗಿಟಾರ್ ಬಿಟ್ ಇದೆ ನೋಡೋ, ಅದು ಬಂದ ತಕ್ಷಣ ಜನ ಶಿಳ್ಳೆ ಹೊಡೀಬೇಕು’ ಅಂದ್ರು. ಎಂಟು ಸೆಕೆಂಡ್ ತಾನೇ ಅಂದ್ಕೊಂಡೆ. ಮೂರು ವಾರ ಹೋಯ್ತು.

ಮೊದ್ಲೆಲ್ಲ ಇಂಥ ಸೌಂಡಿಗೆ ಭಾರದ ವಾಲ್ವ್ ಆಂಪ್ಲಿಫಯರ್ ಬೇಕಿತ್ತು, ಅದರ ಮುಂದೆ ಮೈಕ್ ಬೇಕಿತ್ತು, ಅಕ್ಕಪಕ್ಕದೋರು ಸುಮ್ನಿರಬೇಕಿತ್ತು. 1998ರಲ್ಲಿ ಲೈನ್ ಸಿಕ್ಸ್ ಕಂಪನಿಯವ್ರು ಪಾಡ್ ಅಂತ ಹುರುಳಿಕಾಯಿ ಬೀಜದ ಆಕಾರದ ಒಂದು ಕೆಂಪು ಡಬ್ಬಿ ತಂದ್ರು, ಆಂಪ್ಲಿಫಯರ್ ಮಾಡೋ ಕೆಲಸನೆಲ್ಲ ಲೆಕ್ಕಾಚಾರದಲ್ಲೇ ಮಾಡೋದು ಅಲ್ಲಿಂದ ಮನೆಮನೆಗೆ ಬಂತು. ಈಗಂತೂ ಲ್ಯಾಪ್‌ಟಾಪಲ್ಲಿ ಫ್ರೀಯಾಗೇ ಸಿಗೋ ನ್ಯೂರಲ್ ಆಂಪ್ ಮಾಡೆಲರ್ ಅನ್ನೋದಿದೆ, ನಿಜವಾದ ಆಂಪ್ಲಿಫಯರ್ ಹೆಂಗೆ ನಡ್ಕೊಳುತ್ತೆ ಅಂತ ಅದು ಕಲ್ತ್ಕೊಂಡು ಹಂಗೇ ಅನುಕರಣೆ ಮಾಡುತ್ತೆ. ನನ್ನ ಹತ್ರ ಇರೋದು ಗಿಟಾರಿನ ಸೌಂಡ್ ಬದಲಾಯಿಸೋ ಡಬ್ಬಿ, ಅಂದ್ರೆ ಒಂದು ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ರು, ಒಂದು ಹಳೇ ಲ್ಯಾಪ್‌ಟಾಪು, ಅಷ್ಟೇ.

ಇನ್ನೊಂದು ಸಾಫ್ಟ್‌ವೇರ್ ಇದೆ, ಮ್ಯಾಚ್ ಈಕ್ಯೂ ಅಂತ. ರೆಕಾರ್ಡ್ ಕೇಳಿಸಿದ್ರೆ ಅದರಲ್ಲಿ ಎಷ್ಟು ಗಡಸು ಎಷ್ಟು ಚೂಪು ಅಂತ ಸರಾಸರಿ ತೆಗೆಯುತ್ತೆ, ನಮ್ದು ಕೇಳಿಸಿದ್ರೆ ನಮ್ದೂ ತೆಗೆಯುತ್ತೆ, ಎರಡಕ್ಕೂ ಇರೋ ವ್ಯತ್ಯಾಸನ ನಮ್ಮ ಗಿಟಾರಿಗೆ ಸೇರಿಸಿಬಿಡುತ್ತೆ. ಕೇಳೋಕೆ ಎಷ್ಟು ಸುಲಭ ನೋಡಿ. ನಾನು ಇಡೀ ಹಾಡನ್ನೇ ಹಾಕ್ಬಿಟ್ಟೆ. ಹಾಡಲ್ಲಿ ಡ್ರಮ್ಮಿನ ತಾಳ ಇದೆ, ಬೇಸ್ ಇದೆ, ಪಿಟೀಲು ಇದೆ, ಅದಕ್ಕೇನು ಗೊತ್ತು ಯಾವುದು ಗಿಟಾರ್ ಅಂತ? ತಾಳದ ಝಣಝಣ ಅಷ್ಟನ್ನೂ ತಂದು ನನ್ನ ತಂತಿ ಮೇಲೆ ಸುರೀತು. ಗಿಟಾರ್ ಹೋಗಿ ಸೊಳ್ಳೆ ಆಯ್ತು. ‘ರೀ, ಏನದು ಕಿವಿ ಒಳಗೆ ಹೊಕ್ಕಂಗೆ ಆಗ್ತಿದೆ’ ಅಂತ ಮನೆಯವ್ಳು ಅಡುಗೆಮನೆಯಿಂದಲೇ ಕೂಗಿದ್ಲು.

ಆಮೇಲೆ ಬರೀ ಗಿಟಾರ್ ಒಂದೇ ಇರೋ ಜಾಗ ಹುಡುಕಿ ಒಂದೂವರೆ ಸೆಕೆಂಡ್ ಕತ್ತರಿಸಿ ತೆಗೆದೆ. ಅಲ್ಲಿ ಇನ್ನೊಂದು ತಕರಾರು, ಹಾಡು ಯಾರೋ ಕ್ಯಾಸೆಟ್ಟಿಂದ ಇಳಿಸಿರೋದು, ಟೇಪ್ ಓಡೋ ಸ್ಪೀಡ್ ನೂರಕ್ಕೆ ಆರರಷ್ಟು ಜಾಸ್ತಿ ಆದ್ರೆ ಸಾಕು ಶ್ರುತಿ ಗಿಟಾರಿನ ಒಂದು ಮನೆ, ಅಂದ್ರೆ ಒಂದು ಫ್ರೆಟ್, ಮೇಲಕ್ಕೆ ಹೋಗುತ್ತೆ, ಇದು ಅರ್ಧ ಮನೆ ಹೋಗಿತ್ತು. ಟ್ಯೂನರ್ ಇಟ್ಕೊಂಡು ಸ್ಪೀಡ್ ಇಳಿಸಿ ಮೊದ್ಲು ಶ್ರುತಿ ಕೂರಿಸ್ಕೊಂಡೆ. ಇಲ್ಲಾಂದ್ರೆ ಸೌಂಡೂ ತೆಳ್ಳಗೆ ಕೇಳ್ಸುತ್ತೆ, ನಾವು ಸುಮ್ನೆ ಪ್ರೊಸೆಸರ್ ಬೈತಾ ಕೂತಿರ್ತೀವಿ.

ಇದರಲ್ಲಿ ಮುಂದೇನು ಹಿಂದೇನು ಅನ್ನೋದು ಮುಖ್ಯ. ನಮ್ಮೂರ ಕಡೆ ಕಾಫಿ ಪುಡಿ ಮಾಡ್ಸೋರಿಗೆ ಇದು ಬೇಗ ಅರ್ಥ ಆಗುತ್ತೆ. ಹುರಿಯೋವಾಗ ಬೀಜ ಕರಟಿಹೋಯ್ತು ಅಂದ್ರೆ ಆಮೇಲೆ ಚಿಕೋರಿ ಎಷ್ಟು ಹಾಕಿದ್ರೂ ಬಿಟ್ರೂ ಆ ಕಹಿ ಹೋಗಲ್ಲ. ಗಿಟಾರಲ್ಲಿ ಆ ಹುರಿಯೋ ಕೆಲಸ ಗೇನ್ ಅನ್ನೋ ತಿರುಪಿಂದು, ಅಂದ್ರೆ ಸೌಂಡು ಎಷ್ಟು ಒಡೀಬೇಕು ಅನ್ನೋದು. ಮ್ಯಾಚ್ ಈಕ್ಯೂ ಕೊನೇಲಿ ಹಾಕೋ ಚಿಕೋರಿ ಇದ್ದಂಗೆ. ಗೇನ್ ಜಾಸ್ತಿ ಇಟ್ಟು ಆಮೇಲೆ ಈಕ್ಯೂನಲ್ಲಿ ತಿದ್ದೋಕೆ ಹೋದ್ರೆ ಲ್ಯಾಪ್‌ಟಾಪಿನ ಗ್ರಾಫಲ್ಲಿ ರೆಕಾರ್ಡಿನ ಗೆರೆ ನಮ್ಮ ಗೆರೆ ಒಂದರ ಮೇಲೊಂದು ಕೂತಿರುತ್ತೆ, ಕಿವಿಗೆ ಮಾತ್ರ ಬೇರೆ ಗಿಟಾರೇ. ಹಳೇ ಹಾಡುಗಳಲ್ಲಿ ನಾವು ಅಂದ್ಕೊಂಡಿದ್ದಕ್ಕಿಂತ ಗೇನ್ ಕಮ್ಮೀನೇ ಇರುತ್ತೆ, ನಾನಂತೂ ಇಟ್ಟಿದ್ದರ ಅರ್ಧಕ್ಕೆ ಇಳಿಸಿದೆ.

ಗೇನ್ ಆದ್ಮೇಲೆ ಸ್ಪೀಕರ್. ಹನ್ನೆರಡು ಇಂಚಿನ ಗಿಟಾರ್ ಸ್ಪೀಕರು ಸುಮಾರು 5000 ಹರ್ಟ್ಸ್ ದಾಟಿದ ಚೂಪು ಸದ್ದು ಬಂದ್ರೆ ಕೈ ಚೆಲ್ಲಿಬಿಡುತ್ತೆ, ನಮಗೆ ಹಿತ ಅನ್ಸೋದೇ ಅದು ಹಂಗೆ ಚೆಲ್ಲೋದ್ರಿಂದ. ಆ ಸ್ಪೀಕರ್ ಪೆಟ್ಟಿಗೆ, ಅದರ ಮುಂದಿನ ಮೈಕು, ಎರಡರ ಗುರುತೂ ಸೇರಿ ಒಂದು ಪುಟ್ಟ ಫೈಲಲ್ಲಿ ಸಿಗುತ್ತೆ, ಐಆರ್ ಅಂತಾರೆ. ಸೌಂಡನ್ನ ಸೆಕೆಂಡಿಗೆ 48000 ತುಣುಕಿನ ಲೆಕ್ಕದಲ್ಲಿ ಅಳೆದ್ರೆ ಅದರಲ್ಲಿರೋದು ಬರೀ 2048 ತುಣುಕು, ಅಂದ್ರೆ ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಇಲ್ಲ, ಆದ್ರೂ ಗಿಟಾರಿನ ಮುಖವೇ ಬದಲಾಗುತ್ತೆ. 1965ರಿಂದ ಇರೋ ಶ್ಯೂರ್ ಎಸ್‌ಎಂ 57 ಮೈಕನ್ನ ಸ್ಪೀಕರ್ ನಡುಮಧ್ಯ ಇಟ್ಟಿರೋ ಐಆರ್ ಚುರುಕು, ಅದನ್ನೇ ಒಂದೆರಡು ಇಂಚು ಅಂಚಿಗೆ ಸರಿಸಿರೋದು ಮೆತ್ತಗೆ. ಹತ್ತು ತಿರುಪು ತಿರುವೋ ಬದ್ಲು ನಾಲ್ಕು ಐಆರ್ ಬದಲಾಯಿಸಿ ಕೇಳಿ, ಬೇಗ ಹತ್ರ ಬರ್ತೀರ.

ಇನ್ನು ಹೋಲಿಸಿ ಕೇಳೋವಾಗ ಎರಡರ ವಾಲ್ಯೂಮೂ ಸಮ ಇರ್ಬೇಕು, ಯಾವುದು ಒಂಚೂರು ಜೋರಾಗಿರುತ್ತೋ ಅದೇ ಚೆನ್ನಾಗಿದೆ ಅನ್ಸುತ್ತೆ, ಕಿವಿ ಹಂಗೆ ಮೋಸ ಮಾಡುತ್ತೆ. ರಾತ್ರಿ ಎಲ್ರೂ ಮಲಗಿದ್ದಾಗ ಮೆಲ್ಲಗೆ ಇಟ್ಕೊಂಡು ಮಾಡಿದ ಟೋನ್ ಸ್ಟೇಜಲ್ಲಿ ಕೆಟ್ಟೇ ಕೆಡುತ್ತೆ, ಯಾಕಂದ್ರೆ ಮೆಲ್ಲಗಿದ್ದಾಗ ತಗ್ಗು ಸ್ವರ ಕಿವಿಗೆ ಕಮ್ಮಿ ಬೀಳುತ್ತೆ, ನಾವು ಬೇಸ್ ಏರಿಸಿರ್ತೀವಿ. ಇದನ್ನ ಫ್ಲೆಚರ್ ಮತ್ತೆ ಮನ್ಸನ್ ಅನ್ನೋ ವಿಜ್ಞಾನಿಗಳು 1933ರಲ್ಲೇ ಅಳೆದು ತೋರ್ಸಿದ್ರು, ನನಗೆ ಗೊತ್ತಾಗೋಕೆ ಒಂದು ಆರತಕ್ಷತೆ ಹಾಳಾಗ್ಬೇಕಾಯ್ತು.

ಇಷ್ಟೆಲ್ಲ ಮಾಡಿದ್ರೂ ಆ ಬಿಟ್ ಬರ್ಲಿಲ್ಲ. ಗ್ರಾಫ್ ಸರಿ, ಗೇನ್ ಸರಿ, ಎಕೋ ಕೂಡ ಸರಿ, ಹಾಡಿನ ಲಯ ನಿಮಿಷಕ್ಕೆ 120 ಪೆಟ್ಟು, ಎಕೋ ಮುಕ್ಕಾಲು ಪೆಟ್ಟಿಗೆ, ಅಂದ್ರೆ 375 ಮಿಲಿಸೆಕೆಂಡಿಗೆ ಕರೆಕ್ಟಾಗಿ ಕೂತಿತ್ತು. ಏನೋ ಒಂದು ಇಲ್ಲ. ಆವತ್ತು ರಾತ್ರಿ ಮಳೆ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯ್ತು. ಹೋದ್ರೆ ಬರೋದು ನಾಳೇನೇ ಅಂತ ಗೊತ್ತು. ಮೊಬೈಲಲ್ಲಿ ಹಾಡು ಹಾಕ್ಕೊಂಡು, ಕತ್ತಲಲ್ಲೇ, ಯಾವ ವೈರೂ ಇಲ್ದೆ ಬರೀ ಗಿಟಾರ್ ಹಿಡ್ಕೊಂಡು ಕೂತೆ. ಬಿಟ್ಟಿನ ಮೊದಲ್ನೇ ಸ್ವರ ನಾನು ಒಂದನೇ ತಂತಿ ಖಾಲಿ ಬಿಟ್ಟು ಮೀಟ್ತಿದ್ದೆ, 330 ಹರ್ಟ್ಸ್. ಅದೇ ಸ್ವರ ಎರಡನೇ ತಂತಿ ಐದನೇ ಮನೇಲೂ ಇದೆ, ಮೂರನೇ ತಂತಿ ಒಂಬತ್ತರಲ್ಲೂ ಇದೆ, ನಾಲ್ಕನೇ ತಂತಿ ಹದಿನಾಲ್ಕನೇ ಮನೇಲೂ ಇದೆ. ಒಂದೊಂದಾಗಿ ಮೀಟ್ತಾ ಹೋದೆ. ನಾಲ್ಕನೇದು ಸುರುಳಿ ಸುತ್ತಿದ ದಪ್ಪ ತಂತಿ, ಅದನ್ನ ಅಷ್ಟು ಮೇಲೆ ಒತ್ತಿ ಬಲಗೈನ ತಂತಿ ಕೂರೋ ಬ್ರಿಡ್ಜ್ ಹತ್ರದಿಂದ ಗಿಟಾರಿನ ಕತ್ತಿನ ಕಡೆ ಸರಿಸಿ ಮೆತ್ತಗೆ ಮೀಟಿದೆ ನೋಡಿ, ಮೊಬೈಲಿನ ಸೌಂಡು ಗಿಟಾರಿನ ಸೌಂಡು ಒಂದೇ ಆಗ್ಬಿಡ್ತು. ಆ ಪುಣ್ಯಾತ್ಮ ಅಲ್ಲಿ ಬಾರ್ಸಿದ್ದ, ನಾನು ಮೂರು ವಾರದಿಂದ ಇಲ್ಲಿ ತಡಕಾಡ್ತಿದ್ದೆ.

ಮಾರನೇ ದಿನ ಕರೆಂಟ್ ಬಂದ ಮೇಲೆ ಮ್ಯಾಚ್ ಈಕ್ಯೂ ಅಳಿಸಿ ಹೊಸದಾಗಿ ಮಾಡಿದೆ. ಮೊದ್ಲು ಗುಡ್ಡ ಕಣಿವೆ ಇದ್ದಂಗಿದ್ದ ಗೆರೆ ಈ ಸಲ ಹೆಚ್ಚುಕಮ್ಮಿ ಸಪಾಟು. ಪ್ರೊಸೆಸರಲ್ಲಿ 37ನೇ ನಂಬರಿಗೆ ಸೇವ್ ಮಾಡಿ ‘ಕರೆಂಟ್ ಇಲ್ಲ’ ಅಂತ ಹೆಸರಿಟ್ಟಿದೀನಿ. ಗಣಪತಿ ಪೆಂಡಾಲಲ್ಲಿ ಬಾರಿಸ್ದಾಗ ಶಿಳ್ಳೆ ಬಂತು, ಅದು ಗಿಟಾರಿಗೋ ಆಮೇಲೆ ಬಂದ ಗಾಯಕಿಗೋ ಅಂತ ಅಣ್ಣಂಗೂ ನಂಗೂ ಇನ್ನೂ ಜಗಳ. ರೆಕಾರ್ಡಲ್ಲಿ ಕೊನೇ ಸ್ವರಕ್ಕೆ ಹೋಗೋವಾಗ ಬೆರಳು ತಂತಿ ಮೇಲೆ ಜಾರಿ ‘ಕಿರ್’ ಅಂತ ಒಂದು ಸಣ್ಣ ಸದ್ದು ಬರುತ್ತೆ, ಅದೊಂದು ಮಾತ್ರ ಇನ್ನೂ ಸಿಕ್ಕಿಲ್ಲ. ನಮಸ್ಕಾರ.